ಊರಿನ ಇತಿಹಾಸ ಬರೆಯುವ ಮೊದಲು ಇಸವಿ ಸರಿಮಾಡಿಕೊಳ್ಳಿ

ದೇವಸ್ಥಾನದ ಬ್ರಹ್ಮಕಲಶೋತ್ಸವ ಇರಲಿ, ಶಾಲೆಯ ಶತಮಾನೋತ್ಸವ ಇರಲಿ, ಉಡುಪಿ–ಮಂಗಳೂರು ಕಡೆ ಸ್ಮರಣ ಸಂಚಿಕೆ ಬಂತೆಂದರೆ ಅದರಲ್ಲಿ ಊರಿನ ಇತಿಹಾಸದ ಒಂದು ಲೇಖನ ಬೇಕೇ ಬೇಕು. ‘ಸಾವಿರಾರು ವರ್ಷಗಳ ಇತಿಹಾಸವುಳ್ಳ’ ಎಂದು ಶುರುವಾದ ಲೇಖನ ಎರಡನೇ ಪ್ಯಾರಾಕ್ಕೇ ಈಗಿನ ಕಾಲಕ್ಕೆ ಬಂದುಬಿಟ್ಟರೆ ನಡುವಿನ ಶತಮಾನಗಳೆಲ್ಲ ಬಿಟ್ಟುಹೋಗುತ್ತವೆ. ಅವನ್ನು ತುಂಬುವ ಸಾಮಗ್ರಿ ಕಲ್ಲಿನಲ್ಲಿ, ಕಡತದಲ್ಲಿ, ಗದ್ದೆಯ ಹೆಸರಿನಲ್ಲಿ ಇದೆ. ಇಸವಿ ಹೇಳುವ ವಸ್ತುಗಳನ್ನು ಮೊದಲು ಸಾಲಾಗಿ ಜೋಡಿಸಿ, ಕಥೆಯನ್ನು ಆಮೇಲೆ ಬರೆಯಿರಿ.

ಶಾಸನದಿಂದ ಶುರುಮಾಡುವುದು ಒಳ್ಳೆಯದು. ದೇವಸ್ಥಾನ, ಬಸದಿ, ಕೆರೆಯ ದಂಡೆ, ಗುತ್ತಿನ ಮನೆಯ ಅಂಗಳ ಎಲ್ಲ ನೋಡಿ. ಮುರಕಲ್ಲಿನ ಗೋಡೆಯ ನಡುವೆ ಒಂದು ಕರಿಕಲ್ಲಿನ ಚಪ್ಪಡಿ ನಿಂತಿದ್ದು, ಮೇಲ್ಗಡೆ ಸೂರ್ಯ-ಚಂದ್ರ, ಲಿಂಗವೋ ಜಿನಬಿಂಬವೋ ಕಂಡರೆ ಅದು ಶಾಸನ ಎಂದೇ ಹಿಡಿದು ಹತ್ತಿರ ಹೋಗಿ. ಮಳೆಗಾಲದಲ್ಲಿ ಪಾಚಿ ಹಿಡಿದಿರುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗಿನ ದಿನಗಳು ಅನುಕೂಲ. ಬರೀ ನೀರು, ಮೆತ್ತನೆಯ ಬ್ರಶ್ಶು ಸಾಕು. ತಂತಿ ಬ್ರಶ್ಶು, ಆಸಿಡ್, ಎಣ್ಣೆ ಬೇಡವೇ ಬೇಡ. ಅಕ್ಷರ ಎದ್ದು ಕಾಣಲಿ ಎಂದು ಸುಣ್ಣ, ಚಾಕ್‌ಪುಡಿ ತುಂಬುವುದೂ ತಪ್ಪು. ತುಂಬಿದವರು ತಮಗೆ ತೋಚಿದ ಅಕ್ಷರವನ್ನೇ ತಿದ್ದಿರುತ್ತಾರೆ, ಮುಂದೆ ಓದುವವರಿಗೆ ಆ ತಿದ್ದಿದ್ದೇ ಕಾಣುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ತಾಗಿದ ಹಾಗೆ ಪಕ್ಕದಿಂದ ಹಿಡಿದರೆ ಸವೆದ ಗೆರೆಯಲ್ಲೂ ನೆರಳು ಬೀಳುತ್ತದೆ. ನಾಲ್ಕೂ ಪಕ್ಕದಿಂದ ಬೆಳಕು ಕೊಟ್ಟು ನಾಲ್ಕು ಸಲ ಫೋಟೊ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಡಿ, ಸಾಲುಗಳನ್ನು ಎಣಿಸಿ ಬರೆದುಕೊಳ್ಳಿ. ಕಾಗದದ ಪಡಿಯಚ್ಚು ತೆಗೆಯುವುದನ್ನು ಪಳಗಿದವರಿಗೇ ಬಿಡಿ. ಕಾಗದ ಹರಿದರೆ ಮಸಿ ಕಲ್ಲಿಗೆ ಇಳಿಯುತ್ತದೆ. ಬಾರ್ಕೂರು, ಬಸ್ರೂರಿನಂಥ ಊರುಗಳ ಹಲವು ಶಾಸನಗಳ ಪಾಠ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಸರಣಿಯ 7ನೇ ಸಂಪುಟದಲ್ಲಿ ಆಗಲೇ ಅಚ್ಚಾಗಿದೆ. ಹೊಸ ಶಾಸನ ಸಿಕ್ಕಿತೆಂದು ಪೇಪರಿಗೆ ಕೊಡುವ ಮೊದಲು ಅಲ್ಲೊಮ್ಮೆ ನೋಡಿ.

ಹೆಚ್ಚು ತಪ್ಪಾಗುವುದು ಇಸವಿಯಲ್ಲಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಎಂದು ಎಲ್ಲರಿಗೂ ಗೊತ್ತು. ಆದರೆ ವರ್ಷ ಶುರುವಾಗುವುದು ಚೈತ್ರದಲ್ಲಿ. ಮಾಘ, ಫಾಲ್ಗುಣದ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಆಗ 79 ಕೂಡಿಸಬೇಕು. ಪುಷ್ಯದಲ್ಲಿ ಎರಡೂ ಸಾಧ್ಯ, ತಿಥಿ ನೋಡಿಯೇ ಹೇಳಬೇಕು. ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯ ನಿಲ್ಲಿಸಿದ್ದು ಶಕ 1353, ವಿರೋಧಿಕೃತು ಸಂವತ್ಸರದ ಫಾಲ್ಗುಣದಲ್ಲಿ. 78 ಕೂಡಿಸಿದರೆ 1431 ಬರುತ್ತದೆ. ಸರಿಯಾದದ್ದು 1432ರ ಫೆಬ್ರವರಿ. ಸಂವತ್ಸರವನ್ನೂ ತಾಳೆ ನೋಡಿ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಸಂಖ್ಯೆಯನ್ನು ಪ್ರಭವದಿಂದ ಎಣಿಸಿ (ಏನೂ ಉಳಿಯದಿದ್ದರೆ ಅದು 60ನೆಯದಾದ ಅಕ್ಷಯ). 1353ಕ್ಕೆ 12 ಸೇರಿ 1365, ಭಾಗಿಸಿದರೆ 45 ಉಳಿಯುತ್ತದೆ, 45ನೆಯದು ವಿರೋಧಿಕೃತು. ಲೆಕ್ಕ ಕೂಡಿತು. ಒಂದು ವರ್ಷ ಹೆಚ್ಚು ಕಡಿಮೆ ಬಂದರೆ ಗಾಬರಿ ಬೇಡ. ಕೆಲವು ಶಾಸನಗಳು ಕಳೆದ ವರ್ಷವನ್ನು, ಕೆಲವು ನಡೆಯುತ್ತಿರುವ ವರ್ಷವನ್ನು ಎಣಿಸುತ್ತವೆ. ಬರೀ ಸಂವತ್ಸರದ ಹೆಸರಿದ್ದು ಶಕವರ್ಷ ಇಲ್ಲದಿದ್ದರೆ, ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ, ಅರಸನ ಹೆಸರು ಸಿಗದೆ ಇಸವಿ ಹಾಕಬೇಡಿ. ಈ ಕರಾವಳಿಯನ್ನು ಹಿಂದೆ ಆಳಿದ ಆಳುಪರ ಹಳೆಯ ಶಾಸನಗಳಲ್ಲಿ ಶಕವರ್ಷವೇ ಇಲ್ಲದವು ಇವೆ. ಅಲ್ಲಿ ಲಿಪಿ ಬಲ್ಲವರು ಹೇಳಿದ ಶತಮಾನಕ್ಕಷ್ಟೇ ನಿಲ್ಲಿ.

ಅರಸರ ಬಿರುದುಗಳಿಗಿಂತ ಊರಿನವರಿಗೆ ಬೆಲೆಬಾಳುವುದು ದತ್ತಿ ಭೂಮಿಯ ಚತುಸ್ಸೀಮೆ. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಹೇಳುವಾಗ ತೋಡು, ಕೆರೆ, ಗದ್ದೆ, ಮನೆಗಳ ಹೆಸರು ಬರುತ್ತವೆ. ಆ ಹೆಸರುಗಳನ್ನು ಹಿಡಿದುಕೊಂಡು ಬೇಸಾಯ ಮಾಡಿದ ಹಿರಿಯರ ಜೊತೆ ಬಯಲು, ಮಜಲು, ಬೆಟ್ಟುಗದ್ದೆ ಎಲ್ಲ ತಿರುಗಿ. ಆರುನೂರು ವರ್ಷದ ಹಿಂದಿನ ಗದ್ದೆಯ ಹೆಸರು ಇವತ್ತಿನ ಬಾಯಲ್ಲಿ ಸಿಕ್ಕಿದರೆ, ಅದಕ್ಕಿಂತ ದೊಡ್ಡ ಇತಿಹಾಸ ಆ ಊರಿಗೆ ಬೇಕಿಲ್ಲ. ದತ್ತಿಯನ್ನು ಮುಡಿಯಲ್ಲಿ (ಅಕ್ಕಿಯ ಹಳೆಯ ಅಳತೆ) ಹೇಳಿದ್ದರೆ ಮುಡಿಯೆಂದೇ ಬರೆಯಿರಿ. ಅಳತೆ ಊರಿಂದೂರಿಗೆ ಬೇರೆ ಇತ್ತು, ಕಿಲೋ ಮಾಡಹೋದರೆ ತಪ್ಪುತ್ತದೆ.

ಕಾಗದಪತ್ರದ ಕಾಲಕ್ಕೆ ಬಂದಾಗ ಆಡಳಿತದ ಗಡಿ ನೆನಪಿರಲಿ. ಹೈದರಾಲಿ 1763ರಲ್ಲಿ ಕೆಳದಿಯವರಿಂದ ಈ ನಾಡನ್ನು ಗೆದ್ದ. 1799ರಲ್ಲಿ ಅದು ಕಂಪನಿಯ ಕೈಗೆ ಬಂತು. ಉತ್ತರ ಕನ್ನಡ 1862ರಲ್ಲಿ ಮುಂಬಯಿಗೆ ಹೋಯಿತು. ನಮ್ಮ ದಕ್ಷಿಣ ಕನ್ನಡ (ಈಗಿನ ಉಡುಪಿಯೂ ಸೇರಿ) 1956ರವರೆಗೂ ಮದ್ರಾಸಿನ ಕೆಳಗೇ ಇತ್ತು. 1910ರ ಶಾಲೆ ‘ಮೈಸೂರು ಮಹಾರಾಜರ ಕಾಲದಲ್ಲಿ’ ಶುರುವಾಯಿತು ಎಂದು ಬರೆದರೆ ತಪ್ಪು. ಬೆಂಗಳೂರಿನಲ್ಲಿ ಸಿಗದ ಕಡತಗಳನ್ನು ಚೆನ್ನೈನ ಪತ್ರಾಗಾರದಲ್ಲಿ ಹುಡುಕಬೇಕು. ಹಳೆಯ ಅಡಂಗಲ್ (ಊರಿನ ಜಮೀನು-ಬೆಳೆಯ ಲೆಕ್ಕ), ಗೇಣಿಚೀಟುಗಳಲ್ಲಿ ಕಂದಾಯ ಲೆಕ್ಕದ ಫಸಲಿ ವರ್ಷ ಕಂಡರೆ 590 ಕೂಡಿಸಿ: ಫಸಲಿ 1312 ಎಂದರೆ 1902ರ ಜುಲೈಯಿಂದ 1903ರ ಜೂನ್‌ವರೆಗೆ.

ಮಾಡಿನ ಹಂಚನ್ನು ನೋಡಿ ಮನೆಯ ವಯಸ್ಸು ಹೇಳಬೇಡಿ. ಬಾಸೆಲ್ ಮಿಷನ್ ಹಂಚಿನ ಮೇಲಿನ 1865 ಕಾರ್ಖಾನೆ ಶುರುವಾದ ವರ್ಷ. ಹಂಚು ಒಂದು ಮನೆಯಿಂದ ಇಳಿದು ಇನ್ನೊಂದಕ್ಕೆ ಏರುವುದೂ ಮಾಮೂಲು.

ಹಿರಿಯರಲ್ಲಿ ‘ಯಾವ ಇಸವಿ?’ ಎಂದು ಕೇಳಿದರೆ ಅಂದಾಜಿನ ಉತ್ತರ ಬರುತ್ತದೆ. ‘ಡಿಕ್ಲರೇಶನ್‌ಗಿಂತ ಮೊದಲೋ, ನಂತರವೋ?’ ಎಂದು ಕೇಳಿ. ಗೇಣಿ ಭೂಮಿ ಉಳುವವರ ಹೆಸರಿಗೆ ಬಂದ ಆ ಕಾಲವನ್ನು ಕೊಟ್ಟವರೂ ಪಡೆದವರೂ ಮರೆತಿಲ್ಲ. ಆ ಭೂಸುಧಾರಣೆಯ ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಎರಡೂ ಕಡೆಯ ಮನೆಗಳಿಗೆ ಹೋಗಿ, ಒಂದೇ ಕಡೆಯ ಮಾತು ಬರೆಯಬೇಡಿ. ತುಳುವಿನ ಹಾಡುಗಥೆಯಾದ ಪಾಡ್ದನದ ಕಥೆಯನ್ನು ಅದರ ಗೌರವಕ್ಕೆ ತಕ್ಕಂತೆ ಪಾಡ್ದನವೆಂದೇ ಕೊಡಿ, ಅದಕ್ಕೆ ಇಸವಿ ಅಂಟಿಸಬೇಡಿ.

ಜೀರ್ಣೋದ್ಧಾರದ ಯೋಚನೆ ಇದ್ದರೆ ಈ ಕೆಲಸ ಹಳೆ ಗೋಡೆ ಬಿಚ್ಚುವ ಮೊದಲೇ ಆಗಬೇಕು. ಅಕ್ಷರವಿರುವ ಪ್ರತಿ ಕಲ್ಲಿನ ಫೋಟೊ ತೆಗೆದು, ಅದು ಇದ್ದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ಮೇಸ್ತ್ರಿಗೆ ಕಲ್ಲನ್ನೇ ತೋರಿಸಿ ಹೇಳಿ. ಹೇಳದಿದ್ದರೆ ಅದು ಮೆಟ್ಟಿಲಿಗೋ ನೆಲಕ್ಕೋ ಮಗುಚಿ ಬೀಳುತ್ತದೆ, ಇಲ್ಲವೇ ಸಿಮೆಂಟಿನಲ್ಲಿ ಅರ್ಧ ಹೂತುಹೋಗುತ್ತದೆ. ರಕ್ಷಿತ ಸ್ಮಾರಕವಾದರೆ ಪುರಾತತ್ತ್ವ ಇಲಾಖೆಯ ಅನುಮತಿ ಇಲ್ಲದೆ ಕಲ್ಲು ಕದಲಿಸುವಂತಿಲ್ಲ. ಉಳಿದ ಕಡೆ ಅಂಗಳದಲ್ಲೇ ಮಾಡಿನ ಕೆಳಗೆ, ಅಕ್ಷರದ ಮುಖ ಹೊರಗೆ ಕಾಣುವಂತೆ ನಿಲ್ಲಿಸಿ. ಪೇಂಟ್ ಬಳಿಯಲು ಬಿಡಬೇಡಿ.