ಮಕ್ಕಳ ದಂಡು ಬೇಸ್‌ಬಾಲ್ ಮೈದಾನಕ್ಕೆ ಹೊರಟಾಗ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಸೀಮೆಯಲ್ಲಿ ವಾರಾಂತ್ಯದ ಕನ್ನಡ ತರಗತಿ ನಡೆಸುವವರಲ್ಲಿ ನಾನೂ ಒಬ್ಬಳು. ವರ್ಷಕ್ಕೊಮ್ಮೆ ನಮ್ಮ ಮಕ್ಕಳನ್ನು ಜೈಂಟ್ಸ್ ತಂಡದ ತವರು ಮೈದಾನ ಒರಾಕಲ್ ಪಾರ್ಕ್‌ಗೆ ಕರೆದೊಯ್ಯುತ್ತೇವೆ. 16 ಮಕ್ಕಳು, 4 ಜನ ದೊಡ್ಡವರು. ಹಸಿವು, ಚಳಿ, ತಪ್ಪಿಸಿಕೊಳ್ಳುವ ಭಯ, ಈ ಮೂರರ ಹೊಣೆಯನ್ನು ನಾವು ಮೊದಲೇ ಹೊತ್ತರೆ ಮಕ್ಕಳು ಆಟ ನೋಡುತ್ತಾರೆ. ಇಲ್ಲದಿದ್ದರೆ ಒಂಬತ್ತು ಇನಿಂಗ್ಸ್‌ಗಳಲ್ಲಿ ಮೂರನೆಯದಕ್ಕೇ ‘ಮನೆಗೆ ಯಾವಾಗ ಹೋಗೋದು?’ ಶುರುವಾಗುತ್ತದೆ.

ಮೊದಲು ಪಂದ್ಯ, ಆಮೇಲೆ ಸೀಟು

ಬೇಸ್‌ಬಾಲ್‌ನ ಅತ್ಯುನ್ನತ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ, ಅದರಲ್ಲಿ 81 ತವರಿನಲ್ಲಿ. ಹಾಗಾಗಿ ಆಯ್ಕೆಗೆ ಬರವಿಲ್ಲ. ಮಧ್ಯಾಹ್ನದ ಪಂದ್ಯವನ್ನೇ ಹಿಡಿಯಿರಿ. ಮೈದಾನ ನೀರಿನ ದಂಡೆಯಲ್ಲೇ ಇರುವುದರಿಂದ ಸಂಜೆಯ ಗಾಳಿ ಜುಲೈನಲ್ಲೂ ನಡುಗಿಸುತ್ತದೆ. ಬಿಸಿಲಿದ್ದರೂ ಸ್ವೆಟರ್ ಬೇಕೇ ಬೇಕು. ಎಸೆತಗಾರ ಇಷ್ಟೇ ಸೆಕೆಂಡಿನೊಳಗೆ ಎಸೆಯಬೇಕೆಂದು ಗಡಿಯಾರ ಇಟ್ಟ 2023ರಿಂದ ಮೂರು ಗಂಟೆ ಮೀರುತ್ತಿದ್ದ ಆಟ ಸರಾಸರಿ 2 ಗಂಟೆ 40 ನಿಮಿಷದ ಆಸುಪಾಸಿಗೆ ಇಳಿದಿದೆ. ಚಿಕ್ಕ ಮಕ್ಕಳಿಗೆ ಇದು ದೊಡ್ಡ ಉಪಕಾರ.

ಸೀಟಿನ ವಿಷಯದಲ್ಲಿ ಆಸೆಗೆ ಬೀಳಬೇಡಿ. ಬ್ಯಾಟಿಗೆ ತಾಗಿ ಅಡ್ಡಾದಿಡ್ಡಿ ಚಿಮ್ಮುವ ಫೌಲ್ ಬಾಲ್ ಗಂಟೆಗೆ 160 ಕಿ.ಮೀ. ವೇಗವನ್ನೂ ದಾಟಬಲ್ಲದು. 2020ರಿಂದ 30 ತಂಡಗಳ ಮೈದಾನಗಳಲ್ಲೂ ರಕ್ಷಣಾ ಬಲೆಯನ್ನು ಆಟಗಾರರು ಕೂರುವ ಡಗ್‌ಔಟ್‌ಗಳಿಂದ ಆಚೆಗೂ ಚಾಚಿದ್ದಾರೆ. ಗುಂಪಿನಲ್ಲಿ ಚಿಕ್ಕವರಿದ್ದರೆ ಬಲೆಯ ಹಿಂದೆ ಕೂರಿಸಿ, ಇಲ್ಲವೇ ಮೇಲಿನ ಮಹಡಿಗೆ ಹೋಗಿ. ಸಾಲಿನ ಎರಡೂ ತುದಿಯಲ್ಲಿ ದೊಡ್ಡವರೇ ಕೂರಲಿ. ಯಾವ ಮಗು ಎದ್ದರೂ ಯಾರಾದರೊಬ್ಬರ ಮೊಣಕಾಲು ದಾಟಿಯೇ ಹೋಗಬೇಕು.

ಟಿಕೆಟ್‌ಗಳೆಲ್ಲ ಫೋನಿನಲ್ಲೇ ಬರುತ್ತವೆ. ಹಿಂದಿನ ದಿನವೇ ನಾಲ್ವರ ಫೋನಿಗೂ ಹಂಚಿಬಿಡಿ. ಒಂದೇ ಫೋನಿನ ಬ್ಯಾಟರಿ ನಂಬಿ 20 ಜನ ಗೇಟಿನಲ್ಲಿ ನಿಲ್ಲುವಂತಾಗಬಾರದು.

ಬುತ್ತಿ

ಈ ಮೈದಾನದೊಳಕ್ಕೆ ಮನೆಯ ತಿಂಡಿ ಒಯ್ಯಬಹುದು, ಸೀಲ್ ಒಡೆಯದ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನೂ ಬಿಡುತ್ತಾರೆ. ಗಾಜು ಬೇಡ. ಬ್ಯಾಗಿನ ಅಳತೆಗೆ ಮಿತಿ ಇದೆ, ಹೊರಡುವ ಮುನ್ನ ನಿಯಮ ನೋಡಿಕೊಳ್ಳಿ. ಚಿತ್ರಾನ್ನ ಕಟ್ಟಬೇಡಿ, ಕಿರಿದಾದ ಸೀಟಿನಲ್ಲಿ ಅರ್ಧ ಅನ್ನ ಮುಂದಿನವರ ಬೆನ್ನಿಗೆ ಹೋಗುತ್ತದೆ. ಪಲ್ಯ ಸುತ್ತಿದ ಚಪಾತಿ ಸುರುಳಿಯೇ ಸರಿ. ಬೆಳ್ಳುಳ್ಳಿ ಹಾಕಿದ ಆಲೂ ಫ್ರೈಸ್‌ನ ಘಮಕ್ಕೆ ಮಕ್ಕಳು ಸೋಲುವುದು ಖಚಿತ. ಇಬ್ಬರಿಗೊಂದು ಪೊಟ್ಟಣದ ದುಡ್ಡು ಮೊದಲೇ ಎತ್ತಿಡಿ.

ಪೋಷಕರಿಂದ ಅನುಮತಿ ಪತ್ರ ತೆಗೆದುಕೊಳ್ಳುವಾಗ ಅಲರ್ಜಿ ಇದೆಯೇ ಎಂದು ಬರೆಸಿಕೊಳ್ಳಿ. ಬೇಸ್‌ಬಾಲ್ ಮೈದಾನವೆಂದರೆ ಕಡಲೆಕಾಯಿ. ಕಾಲ ಕೆಳಗೆಲ್ಲ ಸಿಪ್ಪೆ ಬಿದ್ದಿರುತ್ತದೆ. ಕಡಲೆಕಾಯಿ ಆಗದ ಮಗುವಿದ್ದರೆ ಔಷಧಿ ನಿಮ್ಮ ಜೇಬಿನಲ್ಲೇ ಇರಲಿ, ಬ್ಯಾಗಿನ ತಳದಲ್ಲಿ ಬೇಡ.

ಕೈಮೇಲಿನ ನಂಬರು

ನಾವು ಕ್ಯಾಲ್‌ಟ್ರೇನ್ ಎಂಬ ರೈಲಿನಲ್ಲಿ ಹೋಗುತ್ತೇವೆ. ಸ್ಯಾನ್ ಫ್ರಾನ್ಸಿಸ್ಕೋದ ಕೊನೆಯ ನಿಲ್ದಾಣದಿಂದ ಮೈದಾನಕ್ಕೆ ನಡೆದೇ ಹೋಗುವಷ್ಟು ದೂರ. ಮುಂಬಾಗಿಲಲ್ಲಿ ಜೈಂಟ್ಸ್‌ನ ಹಳೆಯ ದಿಗ್ಗಜ ಆಟಗಾರ ವಿಲ್ಲಿ ಮೇಸ್ ಪ್ರತಿಮೆ ಇದೆ, ಸುತ್ತ 24 ತಾಳೆ ಮರ. 24 ಅವರ ಅಂಗಿಯ ಸಂಖ್ಯೆ. ಬಲಬದಿಯ ಗೋಡೆಯ ಎತ್ತರವೂ ಅದೇ ಗೌರವಕ್ಕೆ 24 ಅಡಿ. ‘ಹೊರಗೆ ತಪ್ಪಿಸಿಕೊಂಡರೆ ಈ ಪ್ರತಿಮೆಯ ಹತ್ತಿರ ನಿಲ್ಲಿ’ ಎಂದು ಪ್ರತಿಯೊಂದು ಮಗುವಿಗೂ ಮುಟ್ಟಿಸಿ ತೋರಿಸಿ. ಒಳಗಿನ ಗುರುತಿಗೆ ಮಣಿಕಟ್ಟಿನ ಮೇಲೆ ಅಳಿಸದ ಮಾರ್ಕರ್‌ನಲ್ಲಿ ಸೆಕ್ಷನ್, ಸಾಲು, ನಿಮ್ಮ ಫೋನ್ ನಂಬರು ಬರೆಯಿರಿ.

ಇದರ ಬೆಲೆ ನನಗೆ ಗೊತ್ತಾದದ್ದು ಒಂದು ಕೆಟ್ಟ ಹತ್ತು ನಿಮಿಷದಲ್ಲಿ. ಆಗ ಪೆನ್ನಿನಲ್ಲಿ ಬರೆಯುತ್ತಿದ್ದೆವು. ಒಂದು ವರ್ಷ ಏಳನೇ ಇನಿಂಗ್ಸ್‌ನಲ್ಲಿ ಇಬ್ಬರು ಹುಡುಗಿಯರನ್ನು ಶೌಚಾಲಯಕ್ಕೆ ಅವರಷ್ಟಕ್ಕೇ ಕಳಿಸಿದೆ. ತಪ್ಪು ನನ್ನದೇ. ಒಬ್ಬಳು ಬಂದಳು, ಇನ್ನೊಬ್ಬಳು ಬರಲಿಲ್ಲ. ಅಷ್ಟರಲ್ಲಿ ಏಳನೇ ಇನಿಂಗ್ಸ್ ನಡುವಿನ ರೂಢಿಯಂತೆ ಎಲ್ಲರೂ ಎದ್ದು ನಿಂತು ಹಾಡತೊಡಗಿದ್ದರು. ತಲೆಗಳ ನಡುವೆ ಮಗುವಿನ ಕೆಂಪು ರಿಬ್ಬನ್ ಹುಡುಕುತ್ತಾ ಮೆಟ್ಟಿಲು ಹತ್ತಿ ಇಳಿದೆ. ಅವಳು ಪಕ್ಕದ ಮೆಟ್ಟಿಲಿಳಿದು ನಮ್ಮಂಥದ್ದೇ ಇನ್ನೊಂದು ಸಾಲಿನ ಮುಂದೆ ನಿಂತಿದ್ದಳು. ಸಿಬ್ಬಂದಿಯೊಬ್ಬರಿಗೆ ಕೈ ಚಾಚಿ ತೋರಿಸಿದಳಂತೆ. ಬೆವರಿಗೆ ಫೋನ್ ನಂಬರು ಅಳಿಸಿಹೋಗಿತ್ತು, ಸೆಕ್ಷನ್ ನಂಬರು ಉಳಿದಿತ್ತು. ಅಂದಿನಿಂದ ನೀರಿಗೂ ಅಳಿಸದ ಮಾರ್ಕರ್ ಒಯ್ಯುತ್ತೇವೆ, ಶೌಚಾಲಯಕ್ಕೆ ದೊಡ್ಡವರಿಲ್ಲದೆ ಯಾರನ್ನೂ ಕಳಿಸುವುದಿಲ್ಲ.

ಆಟ ನಡೆಯುವಾಗ

ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಆಟ ಗೊತ್ತು. ಕ್ರಿಕೆಟ್ ನೋಡಿ ಬೆಳೆದ ನಮಗೆ, ಊರಿಂದ ಬಂದ ಅಜ್ಜ-ಅಜ್ಜಿಗೆ ಗೊತ್ತಿಲ್ಲ. ಒಬ್ಬೊಬ್ಬ ಹಿರಿಯರ ಪಕ್ಕ ಒಂದು ಮಗುವನ್ನು ಕೂರಿಸಿ, ಕನ್ನಡದಲ್ಲೇ ವಿವರಿಸಲು ಹೇಳಿ. ಮೂರು ಸ್ಟ್ರೈಕ್ (ಬೀಸಿ ತಪ್ಪಿದ್ದು, ಇಲ್ಲವೇ ಹೊಡೆಯದೆ ಬಿಟ್ಟ ಸರಿಯಾದ ಎಸೆತ) ಆದರೆ ಔಟು, ನಾಲ್ಕು ಬಾಲ್ (ಬೀಸದೆ ಬಿಟ್ಟ ದಾರಿತಪ್ಪಿದ ಎಸೆತ) ಆದರೆ ಪುಕ್ಕಟೆ ಮೊದಲ ಬೇಸ್, ಮೂವರು ಔಟಾದರೆ ಪಾಳಿ ಬದಲು. ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿಬಿಡುವುದಕ್ಕೆ ಬೇಸ್ ಕದಿಯುವುದು ಅನ್ನುತ್ತಾರೆ. ‘ಅಜ್ಜೀ, ಅವನು ಬೇಸ್ ಕದ್ದ!’ ಎಂದು ಒಬ್ಬ ಕೂಗಿದಾಗ ‘ಪೊಲೀಸ್ ಹಿಡಿಯಲ್ವೇನೋ?’ ಎಂದು ಅಜ್ಜಿ ಕೇಳಿದ್ದರು. ತರಗತಿಯಲ್ಲಿ ಬಾಯಿಬಿಡದ ಆ ಹುಡುಗ ಅಂದು ಅರ್ಧ ಗಂಟೆ ಬಿಡದೆ ಕನ್ನಡ ಮಾತಾಡಿದ.

ಬಲಗೋಡೆ ದಾಟಿದ ಹೋಮ್‌ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಗೋಡೆಯಾಚೆಯ ಮಕೋವಿ ಕೋವ್‌ನ ನೀರಿಗೆ ಬೀಳುವುದುಂಟು. ಚೆಂಡಿಗಾಗಿ ದೋಣಿಗಳಲ್ಲಿ ಕಾಯುವವರನ್ನು ಮಕ್ಕಳಿಗೆ ತೋರಿಸಿ. ಕೊನೆಯ ಇನಿಂಗ್ಸ್‌ಗಳಲ್ಲಿ ಕಡಲಹಕ್ಕಿಗಳು ಹಿಂಡು ಹಿಂಡಾಗಿ ಇಳಿಯುತ್ತವೆ, ಆಗ ಚಪಾತಿ ಕೈಯಲ್ಲಿ ಹಿಡಿದು ಕೂರುವುದು ಬೇಡ.

ಆಟ ಮುಗಿದ ಕೂಡಲೇ ಏಳಬೇಡಿ. ಹದಿನೈದು ನಿಮಿಷ ಕುಳಿತರೆ ಜನ ಕರಗುತ್ತಾರೆ. ಎಣಿಸಿ, 16 ಬಂದ ಮೇಲೇ ಮೆಟ್ಟಿಲಿಳಿಯಿರಿ. ರೈಲು ಹತ್ತಿದ ಮೇಲೆ ಇನ್ನೊಮ್ಮೆ ಎಣಿಸಿ, ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಪೋಷಕರಿಗೆ ಸಂದೇಶ ಹಾಕಿ. ಅಷ್ಟರೊಳಗೆ ಅರ್ಧ ಮಕ್ಕಳು ನಿದ್ದೆ ಹೋಗಿರುತ್ತಾರೆ. ಇಳಿಯುವ ನಿಲ್ದಾಣಕ್ಕೆ ಐದು ನಿಮಿಷ ಮೊದಲೇ ಎಬ್ಬಿಸಿ.