ಮೇನ್ ರಾಜ್ಯದ ನೂರು ಮೈಲಿ ಕಾಡುಹಾದಿ: ಉತ್ತರದಿಂದ ದಕ್ಷಿಣಕ್ಕೆ ನಡೆಯುವ ಕ್ರಮ

ಅಮೆರಿಕದ ಪೂರ್ವಭಾಗದ ಬೆಟ್ಟಸಾಲುಗಳ ಮೇಲೆ, ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ ಸಾಗುವ ಅಪಲಾಚಿಯನ್ ಟ್ರೇಲ್‌ನ ಉದ್ದ ಸುಮಾರು 3,500 ಕಿಲೋಮೀಟರ್. ಅದರ ಉತ್ತರ ತುದಿಯ ಸಮೀಪ, ಮಾನ್ಸನ್ ಎಂಬ ಪುಟ್ಟ ಊರಿಗೂ ಅಬೋಲ್ ಸೇತುವೆಗೂ ನಡುವೆ, ಒಂದು ಅಂಗಡಿಯೂ ಒಂದು ಡಾಂಬರು ರಸ್ತೆಯೂ ಅಡ್ಡ ಬಾರದ ಸುಮಾರು 160 ಕಿಲೋಮೀಟರ್ ಹಾದಿಯಿದೆ. ಇದನ್ನು ಹಂಡ್ರೆಡ್ ಮೈಲ್ ವಿಲ್ಡರ್‌ನೆಸ್ ಎಂದು ಕರೆಯುತ್ತಾರೆ. ಕನಿಷ್ಠ ಹತ್ತು ದಿನಗಳ ಆಹಾರವಿಲ್ಲದೆ ಇಲ್ಲಿಂದ ಮುಂದೆ ಹೋಗಬಾರದೆಂದು ಮಾನ್ಸನ್ ಬದಿಯಲ್ಲಿ ನೆಟ್ಟಿರುವ ಫಲಕ ಎಚ್ಚರಿಸುತ್ತದೆ. ಬಾಸ್ಟನ್ನಿನ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಮಾನ್ಸನ್ ಕಾರಿನಲ್ಲಿ ಅರ್ಧ ದಿನದ ದಾರಿಯಾದ್ದರಿಂದ, ಎರಡು ವಾರದ ರಜೆಯಲ್ಲಿ ಈ ತುಂಡನ್ನಷ್ಟೇ ನಡೆದು ಬರುವ ಆಸೆ ಹಲವರಿಗಿರುತ್ತದೆ. ಈ ಬರಹ ಅಂಥವರಿಗಾಗಿ.

ಹೊಸಬರು ಮಾಡುವ ಮೊದಲ ತಪ್ಪು ಲೆಕ್ಕದಲ್ಲಿದೆ. 160 ಕಿಲೋಮೀಟರನ್ನು ಎಂಟರಿಂದ ಭಾಗಿಸಿ, ದಿನಕ್ಕೆ ಇಪ್ಪತ್ತು ನಡೆದರೆ ಸಾಕಲ್ಲ ಎಂದುಕೊಂಡು ಅಷ್ಟಕ್ಕೇ ಆಹಾರ ಕಟ್ಟುತ್ತಾರೆ. ಆದರೆ ಈ ಹಾದಿ ಎಲ್ಲ ಕಡೆ ಒಂದೇ ತೆರನಾಗಿಲ್ಲ. ಮಾನ್ಸನ್ ಕಡೆಯ ಅರ್ಧದಲ್ಲಿ ಬ್ಯಾರೆನ್, ಚೇರ್‌ಬ್ಯಾಕ್ ಸಾಲಿನ ಐದು ಬೆಟ್ಟಗಳೂ ಅವುಗಳಾಚೆ 1,100 ಮೀಟರ್ ಮೀರಿದ ವೈಟ್ ಕ್ಯಾಪ್ ಶಿಖರವೂ ಇವೆ. ಎತ್ತರದ ಅಂಕಿ ನೋಡಿ ಇದು ಕುಮಾರ ಪರ್ವತಕ್ಕಿಂತ ಸಣ್ಣದು ಎಂದು ಹಗುರವಾಗಿ ಎಣಿಸಬಾರದು, ಏಕೆಂದರೆ ಇಲ್ಲಿ ಒಂದು ಬೆಟ್ಟ ಹತ್ತಿ ಇಳಿದ ಮೇಲೆ ಮುಂದಿನದನ್ನು ಬುಡದಿಂದಲೇ ಹತ್ತಬೇಕು, ಅದೂ ಬೇರು, ಬಂಡೆ, ಕೆಸರುಗಳ ಮೇಲೆ. ಸಾಮಾನ್ಯ ನಡಿಗೆಯವರಿಗೆ ಈ ಭಾಗದಲ್ಲಿ ದಿನಕ್ಕೆ ಹನ್ನೊಂದು ಹನ್ನೆರಡು ಕಿಲೋಮೀಟರ್ ಸಾಗಿದರೆ ಅದೇ ಹೆಚ್ಚು. ಉತ್ತರದ ಅರ್ಧ ಕೆರೆಗಳ ದಂಡೆಯಲ್ಲಿ ಹೆಚ್ಚುಕಡಿಮೆ ಸಮತಟ್ಟಾಗಿ ಹೋಗುವುದರಿಂದ ಅಲ್ಲಿ ಹದಿನೆಂಟು ಇಪ್ಪತ್ತು ಕಿಲೋಮೀಟರ್ ನಡೆಯುವುದು ಕಷ್ಟವಲ್ಲ.

ಬಹುಪಾಲು ಜನ ಕಟಾಡಿನ್ ಕಡೆಗೆ, ಅಂದರೆ ದಕ್ಷಿಣದಿಂದ ಉತ್ತರಕ್ಕೆ ನಡೆಯುತ್ತಾರೆ. ಜಾರ್ಜಿಯಾದಿಂದ ತಿಂಗಳುಗಟ್ಟಲೆ ನಡೆದು ಬಂದವರಿಗೆ ಅದು ಸಹಜ. ಅವರ ಕಾಲುಗಳು ಅಷ್ಟು ಹೊತ್ತಿಗೆ ಪಳಗಿರುತ್ತವೆ. ನೇರವಾಗಿ ಆಫೀಸಿನ ಕುರ್ಚಿಯಿಂದ ಎದ್ದು ಬಂದವರು ಹತ್ತು ದಿನಗಳ ಆಹಾರ ಹೊತ್ತು, ಚೀಲ ಅತಿ ಭಾರವಿರುವ ಹೊತ್ತಿನಲ್ಲೇ ಅತಿ ಕಠಿಣವಾದ ಬೆಟ್ಟಗಳಿಗೆ ಎದುರಾಗುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಅವರು ಅಬೋಲ್ ಸೇತುವೆಯಿಂದ ಮಾನ್ಸನ್‌ಗೆ, ಉತ್ತರದಿಂದ ದಕ್ಷಿಣಕ್ಕೆ ನಡೆಯುವುದೇ ಲೇಸೆಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಐದು ದಿನಗಳಲ್ಲಿ ಕಾಲು ಪಳಗುತ್ತದೆ, ಆಹಾರದ ಭಾರ ಅರ್ಧಕ್ಕೆ ಇಳಿಯುತ್ತದೆ, ಆಮೇಲೆ ಬೆಟ್ಟ ಬರುತ್ತದೆ. ಕಾರನ್ನು ಮಾನ್ಸನ್‌ನಲ್ಲಿ ನಿಲ್ಲಿಸಿ, ಅಲ್ಲಿನ ವಸತಿಗೃಹಗಳು ಬಾಡಿಗೆಗೆ ಒದಗಿಸುವ ವಾಹನದಲ್ಲಿ ಅಬೋಲ್ ತಲುಪಿದರೆ ಇನ್ನೊಂದು ಅನುಕೂಲವಿದೆ: ನಡಿಗೆ ಒಂದು ದಿನ ತಡವಾದರೂ ಯಾವ ಚಾಲಕನೂ ಕಾಯುತ್ತಿರುವುದಿಲ್ಲ. ಕಟಾಡಿನ್‌ಗೆ ಬೆನ್ನು ಹಾಕಿ ನಡೆಯಬೇಕಲ್ಲ ಎಂಬ ಕೊರಗು ಒಂದುಂಟು. ನಾಹ್ಮಕಂಟ ಕೆರೆಯ ಪಕ್ಕದ ನೆಸುಂಟಬಂಟ್ ಗುಡ್ಡದಲ್ಲಿ, ಮತ್ತೆ ವೈಟ್ ಕ್ಯಾಪ್‌ನ ಉತ್ತರದ ಇಳಿಜಾರಿನಲ್ಲಿ ಹಿಂತಿರುಗಿ ನೋಡಿದರೆ ಆ ಕೊರಗು ತೀರುತ್ತದೆ.

ಹೋಗುವ ಕಾಲವನ್ನು ಕೀಟಗಳೇ ನಿರ್ಧರಿಸುತ್ತವೆ. ಮೇ ನಡುವಿನಿಂದ ಜುಲೈ ಆರಂಭದವರೆಗೆ ಕಪ್ಪು ನೊಣಗಳ ಹಾವಳಿ. ಅವು ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ರಕ್ತ ಬರುವಂತೆ ಕಚ್ಚುತ್ತವೆ. ಅವುಗಳ ಜೊತೆಗೆ ಸೊಳ್ಳೆಗಳ ಸೈನ್ಯ. ಮಲೆನಾಡಿನ ಇಂಬಳಗಳನ್ನು ಕಂಡವರಿಗೂ ಇದು ತಾಳ್ಮೆಯ ಪರೀಕ್ಷೆಯೇ. ಆಗಸ್ಟ್ ಎರಡನೆಯ ವಾರದಿಂದ ಸೆಪ್ಟೆಂಬರ್ ಕೊನೆಯವರೆಗಿನ ಅವಧಿ ಉತ್ತಮ. ಸೆಪ್ಟೆಂಬರ್ ಕೊನೆಗೆ ಎಲೆಗಳು ಕೆಂಪಾಗುತ್ತವೆ, ಆದರೆ ರಾತ್ರಿಯ ಚಳಿ ಶೂನ್ಯದ ಹತ್ತಿರ ಇಳಿಯಬಹುದಾದ್ದರಿಂದ ಮಲಗುವ ಚೀಲದ ವಿಷಯದಲ್ಲಿ ಜಿಪುಣತನ ಸಲ್ಲದು. ರಕ್ತ ಹೀರುವ ಉಣ್ಣಿ ಹುಳು ಎಲ್ಲ ಕಾಲಕ್ಕೂ ಇರುತ್ತದೆ, ಅದರ ಕಡಿತದಿಂದ ಲೈಮ್ ರೋಗ ಬರಬಹುದು. ಪ್ರತಿ ಸಂಜೆ ಮೊಣಕಾಲಿನ ಹಿಂಬದಿ, ಕಂಕುಳು, ಸೊಂಟಪಟ್ಟಿಯ ಜಾಗಗಳನ್ನು ಕೈಯಾಡಿಸಿ ನೋಡಿಕೊಳ್ಳಬೇಕು.

ಇನ್ನು ಆಹಾರ. ದಿನಕ್ಕೆ 700 ಗ್ರಾಂನಂತೆ ಲೆಕ್ಕ ಹಾಕಿದರೆ ಹತ್ತು ದಿನಕ್ಕೆ ಏಳು ಕಿಲೋ ಆಗುತ್ತದೆ. ಈ ವಿಷಯದಲ್ಲಿ ನಮ್ಮ ಅಡುಗೆಮನೆ ಯಾವ ದುಬಾರಿ ಒಣ ಆಹಾರದ ಪೊಟ್ಟಣಕ್ಕೂ ಕಡಿಮೆಯಿಲ್ಲ. ರಾಗಿ ಹುರಿಹಿಟ್ಟಿಗೆ ಬೆಲ್ಲದ ಪುಡಿಯನ್ನೂ ಹಾಲಿನ ಪುಡಿಯನ್ನೂ ಚಿಟಿಕೆ ಏಲಕ್ಕಿಯನ್ನೂ ಮನೆಯಲ್ಲೇ ಬೆರೆಸಿ, ಒಂದೊಂದು ಬೆಳಗಿಗೆ ಒಂದೊಂದು ಪೊಟ್ಟಣ ಮಾಡಿಟ್ಟರೆ, ಒಲೆ ಹಚ್ಚದೆ ತಣ್ಣೀರಿನಲ್ಲಿ ಕಲಸಿ ತಿಂದು ಹೊರಡಬಹುದು. ಮಧ್ಯಾಹ್ನಕ್ಕೆ ಗೊಜ್ಜವಲಕ್ಕಿ: ಅವಲಕ್ಕಿಯನ್ನು ತರಿಯಾಗಿ ಪುಡಿಮಾಡಿ, ಹುಣಸೆಯ ಒಣಪುಡಿ, ಸಾರಿನ ಪುಡಿ, ಉಪ್ಪು, ಬೆಲ್ಲ, ಒಣಕೊಬ್ಬರಿ, ಹುರಿದ ಕಡಲೆಕಾಯಿ ಬೀಜ ಸೇರಿಸಿ ಕಟ್ಟಿಕೊಂಡಿದ್ದರೆ, ನಡೆಯುತ್ತಿರುವಾಗಲೇ ಮುಚ್ಚಳವಿರುವ ಡಬ್ಬಿಯಲ್ಲಿ ನೀರು ಹಾಕಿಟ್ಟು ಅರ್ಧ ಗಂಟೆಯಲ್ಲಿ ಊಟಕ್ಕೆ ಕೂರಬಹುದು. ರಾತ್ರಿಗೆ ಮಾತ್ರ ಬಿಸಿ. ಮನೆಯಲ್ಲಿ ಹುರಿದ ರವೆ, ಒಣಗಿಸಿದ ತರಕಾರಿ, ಒಗ್ಗರಣೆ ಸೇರಿದ ಉಪ್ಪಿಟ್ಟಿನ ಮಿಶ್ರಣಕ್ಕೆ ಕುದಿನೀರು ಸಾಕು. ಎಲ್ಲದರ ಮೇಲೂ ಒಂದು ಚಮಚ ತುಪ್ಪ, ಏಕೆಂದರೆ ಅಷ್ಟೇ ತೂಕದ ಅವಲಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ತುಪ್ಪದಲ್ಲಿದೆ. ಒಂದು ಎಚ್ಚರಿಕೆ: ಚಟ್ನಿಪುಡಿಯನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಒಯ್ದು, ಅದು ಒಡೆದು, ಇಂಗಿನ ವಾಸನೆಯನ್ನು ಹತ್ತು ದಿನ ಮಲಗುವ ಚೀಲದಲ್ಲಿ ಹೊತ್ತವನು ನಾನು. ಎರಡು ಪದರದ ಕವರ್ ಕಡ್ಡಾಯ. ಆಹಾರದ ಚೀಲವನ್ನು ರಾತ್ರಿ ಡೇರೆಯಿಂದ ದೂರದ ಕೊಂಬೆಗೆ ಎತ್ತರವಾಗಿ ತೂಗುಹಾಕಬೇಕು. ಕರಿಕರಡಿಗಳಿರುವುದು ನಿಜ, ಆದರೆ ತಂಗುದಾಣಗಳಲ್ಲಿ ದಿನವೂ ಕಾಟ ಕೊಡುವುದು ಇಲಿಗಳು.

ಪೂರಾ ಹತ್ತು ದಿನದ ಆಹಾರ ಹೊರಲಾರದವರಿಗೆ ಒಂದು ಉಪಾಯವಿದೆ. ಹೆಸರಿನಲ್ಲಿ ಕಾಡು ಎಂದಿದ್ದರೂ ಮರ ಸಾಗಿಸುವ ಮಣ್ಣುರಸ್ತೆಗಳು ಹಾದಿಯನ್ನು ಅಲ್ಲಲ್ಲಿ ಅಡ್ಡ ಹಾಯುತ್ತವೆ; ಮಾನ್ಸನ್‌ನ ವಸತಿಗೃಹದವರು ಹಣ ಪಡೆದು, ನಡುದಾರಿಯ ಜೋ ಮೇರಿ ರಸ್ತೆಯ ಬಳಿಗೆ ಆಹಾರದ ಬಕೆಟ್ ತಲುಪಿಸುತ್ತಾರೆ. ನಡೆಯಲಾಗದ ಸ್ಥಿತಿ ಬಂದರೆ ಹೊರಬೀಳುವ ಬಾಗಿಲುಗಳೂ ಈ ರಸ್ತೆಗಳೇ ಆದ್ದರಿಂದ ಅವನ್ನು ಕಾಗದದ ನಕ್ಷೆಯಲ್ಲಿ ಮೊದಲೇ ಗುರುತು ಮಾಡಿಕೊಳ್ಳಬೇಕು.

ನೀರಿಗೆ ಕೊರತೆಯಿಲ್ಲ. ಅನೇಕ ತೊರೆಗಳ ನೀರು ಕೊಳೆತ ಎಲೆ, ತೊಗಟೆಗಳಿಂದಾಗಿ ತೆಳು ಡಿಕಾಕ್ಷನ್ನಿನ ಬಣ್ಣದಲ್ಲಿರುತ್ತದೆ; ಬಣ್ಣ ಅಪಾಯಕಾರಿಯಲ್ಲ, ಹೊಟ್ಟೆ ಕೆಡಿಸುವ ಜಿಯಾರ್ಡಿಯ ಎಂಬ ಸೂಕ್ಷ್ಮಜೀವಿ ಅಪಾಯಕಾರಿ, ಹಾಗಾಗಿ ಸೋಸದೆ ಕುಡಿಯಬಾರದು. ಚೇರ್‌ಬ್ಯಾಕ್, ಬ್ಯಾರೆನ್ ಸಾಲಿನ ಮೇಲೆ ಮಾತ್ರ ಒಣ ಆಗಸ್ಟಿನಲ್ಲಿ ಸಿಕ್ಕಲ್ಲೆಲ್ಲ ಬಾಟಲಿ ತುಂಬಿಕೊಳ್ಳುವುದು ಒಳಿತು.

ಸೇತುವೆಯಿಲ್ಲದ ಹೊಳೆ ದಾಟುವುದು ಇಲ್ಲಿನ ನಿಜವಾದ ಅಪಾಯ. ವೈಟ್ ಕ್ಯಾಪ್ ಇಳಿದ ಮೇಲೆ ಬರುವ ಪ್ಲೆಸೆಂಟ್ ನದಿಯ ಪಶ್ಚಿಮ ಕವಲು ಅಗಲವಾದದ್ದು. ಮಳೆಯಿಲ್ಲದ ದಿನ ಮೊಣಕಾಲಿನವರೆಗೆ ನೀರಿರುತ್ತದೆ. ಅದರಾಚೆ ಲಾಂಗ್ ಪಾಂಡ್ ತೊರೆ, ಬಿಗ್ ವಿಲ್ಸನ್ ತೊರೆಗಳಿವೆ. ದಡಕ್ಕೆ ಬಂದೊಡನೆ ಚೀಲದ ಸೊಂಟಪಟ್ಟಿಯನ್ನೂ ಎದೆಪಟ್ಟಿಯನ್ನೂ ಬಿಚ್ಚಿಕೊಳ್ಳಬೇಕು. ಕಾಲು ಜಾರಿದರೆ ಚೀಲ ನಿಮ್ಮನ್ನು ಎಳೆದುಕೊಂಡು ಹೋಗದೆ ತಾನೊಂದೇ ಹೋಗಲಿ. ಶೂ ತೆಗೆಯಬಾರದು, ಬರಿಗಾಲಿಗೆ ಪಾಚಿಗಲ್ಲಿನ ಮೇಲೆ ಹಿಡಿತವಿರುವುದಿಲ್ಲ. ಮುಖ ಪ್ರವಾಹದ ಎದುರು ದಿಕ್ಕಿಗಿರಲಿ, ಊರುಗೋಲನ್ನು ಮುಂದೆ ಊರಿ, ಒಂದು ಸಲಕ್ಕೆ ಒಂದನ್ನು ಮಾತ್ರ, ಕೋಲನ್ನಾಗಲಿ ಕಾಲನ್ನಾಗಲಿ, ಎತ್ತುತ್ತಾ ಅಡ್ಡಡ್ಡವಾಗಿ ಸರಿಯಬೇಕು. ನೀರು ತೊಡೆ ಮುಟ್ಟಿ ತಳ ಕಾಣದಂತಿದ್ದರೆ ದಾಟಬೇಡಿ. ಇವು ಮಳೆಯಿಂದ ಉಕ್ಕುವ ತೊರೆಗಳಾದ್ದರಿಂದ ಮಳೆ ನಿಂತ ಮೇಲೆ ಕೆಲವು ತಾಸುಗಳಲ್ಲಿ, ಹೆಚ್ಚೆಂದರೆ ಒಂದು ದಿನದಲ್ಲಿ ಇಳಿಯುತ್ತವೆ. ಆ ಒಂದು ದಿನದ ಆಹಾರ ಚೀಲದಲ್ಲಿ ಇರಬೇಕೆಂಬುದಕ್ಕೇ ಆರಂಭದ ಲೆಕ್ಕದ ಮಾತನ್ನು ಅಷ್ಟು ಒತ್ತಿ ಹೇಳಿದ್ದು. ಪ್ಲೆಸೆಂಟ್ ನದಿಯ ಆಸುಪಾಸಿನ ಹರ್ಮಿಟೇಜ್ ಪೈನ್ ಮರಗಳ ತೋಪಿನಲ್ಲೂ ಗಲ್ಫ್ ಹೇಗಸ್ ಕಮರಿಯಲ್ಲೂ ಬಿಡಾರ ಹೂಡುವಂತಿಲ್ಲ. ಹಿಂದಿನ ರಾತ್ರಿ ಕಾರ್ಲ್ ನ್ಯೂಹಾಲ್ ತಂಗುದಾಣದಲ್ಲಿ ಕಳೆದು ಬೆಳಿಗ್ಗೆ ಹೊರಟರೆ ಸರಿಹೋಗುತ್ತದೆ.

ಹಾದಿಯ ಗುರುತು ಮರಗಳ ಮೇಲೆ ಬಳಿದ, ಎರಡು ಇಂಚು ಅಗಲ ಆರು ಇಂಚು ಎತ್ತರದ ಬಿಳಿ ಪಟ್ಟಿ. ಒಂದರ ಮೇಲೊಂದು ಎರಡು ಪಟ್ಟಿಗಳಿದ್ದರೆ ಮುಂದೆ ತಿರುವಿದೆ ಎಂದರ್ಥ. ನೀಲಿ ಪಟ್ಟಿಯದು ಕವಲುದಾರಿ. ಹಾದಿಯ ಮೇಲಿರುವವರೆಗೆ ದಾರಿ ತಪ್ಪುವುದು ಅಪರೂಪ, ತಪ್ಪುವುದು ಹಾದಿ ಬಿಟ್ಟು ನಾಲ್ಕು ಹೆಜ್ಜೆ ಹೋದಾಗ. 2013ರ ಜುಲೈನಲ್ಲಿ ಇದೇ ರಾಜ್ಯದಲ್ಲಿ, ಇದೇ ಟ್ರೇಲಿನ ಇನ್ನೊಂದು ಭಾಗದಲ್ಲಿ ನಡೆಯುತ್ತಿದ್ದ 66 ವರ್ಷದ ಮಹಿಳೆಯೊಬ್ಬರು ಶೌಚಕ್ಕೆಂದು ಬದಿಗೆ ಹೋಗಿ ಮರಳಿ ಹಾದಿ ಕಾಣದಾದರು. ಅವರು ಮೊಬೈಲಿನಿಂದ ಕಳುಹಿಸಿದ ಸಂದೇಶಗಳು ಸಿಗ್ನಲ್ ಇಲ್ಲದೆ ತಲುಪಲೇ ಇಲ್ಲ. ಸುಮಾರು ನಾಲ್ಕು ವಾರ ಬದುಕಿದ್ದರೆಂದು ಅವರ ದಿನಚರಿಯಿಂದ ತಿಳಿದದ್ದು, 2015ರಲ್ಲಿ ಅವಶೇಷಗಳು ಸಿಕ್ಕ ಮೇಲೆ. ಆದ್ದರಿಂದ ಬದಿಗೆ ಹೋಗುವ ಮುನ್ನ ಚೀಲವನ್ನು ಹಾದಿಯ ಅಂಚಿನಲ್ಲಿ ಎದ್ದು ಕಾಣುವಂತೆ ಇಟ್ಟು, ದಿಕ್ಸೂಚಿಯಲ್ಲಿ ಹೋಗುವ ದಿಕ್ಕನ್ನು ನೋಡಿಕೊಂಡು, ಅದರ ವಿರುದ್ಧ ದಿಕ್ಕಿನಲ್ಲಿ ಮರಳಬೇಕು. ದಿಕ್ಸೂಚಿ, ಸೀಟಿ ಜೇಬಿನಲ್ಲಿರಲಿ, ಚೀಲದಲ್ಲಲ್ಲ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನವನ್ನು ಬಾಡಿಗೆಗಾದರೂ ಪಡೆದು ಒಯ್ಯುವುದು ಉಚಿತ.

ಕೊನೆಯ ಹದಿನೈದು ಕಿಲೋಮೀಟರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾನ್ಸನ್ ಸ್ಲೇಟು ಕಲ್ಲಿನ ಗಣಿಗಳಿಗೆ ಹೆಸರಾದ ಊರು. ಹಾದಿಯಲ್ಲೂ ಆ ಕಲ್ಲಿನ ಪದರಗಳು ಅರ್ಧ ತೆರೆದ ಪುಸ್ತಕದ ಹಾಳೆಗಳಂತೆ ಅಂಚು ಮೇಲಾಗಿ ನಿಂತಿರುತ್ತವೆ, ಮಳೆ ಬಿದ್ದರೆ ಸಾಬೂನಿನಂತೆ ಜಾರುತ್ತವೆ. ಕಾರು ಹತ್ತಿರವಾಯಿತೆಂದು ಇಲ್ಲಿ ವೇಗ ಹೆಚ್ಚಿಸಿದವರು ಕಣಕಾಲು ಉಳುಕಿಸಿಕೊಳ್ಳುತ್ತಾರೆ. ಹೊರಡುವ ಮುನ್ನ ಮನೆಯಲ್ಲೊಬ್ಬರ ಕೈಗೆ ಒಂದು ಚೀಟಿ ಕೊಟ್ಟಿರಬೇಕು: ಯಾವ ರಾತ್ರಿ ಯಾವ ತಂಗುದಾಣ, ಯಾವ ಬಣ್ಣದ ಡೇರೆ, ಯಾವ ದಿನ ಎಷ್ಟು ಗಂಟೆಯೊಳಗೆ ಸುದ್ದಿ ಬಾರದಿದ್ದರೆ ಕಾಡಿನಲ್ಲಿ ಕಾಣೆಯಾದವರನ್ನು ಹುಡುಕುವ ಮೇನ್ ವಾರ್ಡನ್ ಸರ್ವಿಸ್‌ಗೆ ಕರೆ ಮಾಡಬೇಕು ಎಂಬಿಷ್ಟು. ಮಾನ್ಸನ್ ತಲುಪಿ ಫೋನಿಗೆ ಸಿಗ್ನಲ್ ಬಂದೊಡನೆ, ಸ್ನಾನಕ್ಕೂ ಊಟಕ್ಕೂ ಮೊದಲು, ಮಾಡಬೇಕಾದ ಕರೆ ಆ ಚೀಟಿ ಹಿಡಿದು ಕುಳಿತವರಿಗೆ.