ನಿಮ್ಮೂರ ಮೇಳದ ಈಚಿನ ಇತಿಹಾಸ ಬರೆಯೋದು ಹೇಗೆ?

ಬಾಗಲಕೋಟೆ ಕಡೆಯ ಕರಡಿ ಮಜಲು ತಂಡ (ಕರಡಿ ಅನ್ನೋ ಚರ್ಮವಾದ್ಯ, ತಾಳ, ಶಹನಾಯಿ ಕೂಡಿ ಬಾರಿಸುವವರು) ಇರಲಿ, ಕೋಲಾಟದ ಮೇಳ ಇರಲಿ, ಅದರ ಬಗ್ಗೆ ಬರೆಯಿರಿ ಅಂದರೆ ಎಲ್ಲರೂ ಶುರು ಮಾಡೋದು 'ಸಾವಿರಾರು ವರ್ಷಗಳ ಪರಂಪರೆ' ಅಂತ. ಅದನ್ನು ಬಿಡಿ. ಕಳೆದ ಮೂವತ್ತು ವರ್ಷದ್ದು ಬರೆಯಿರಿ. ಅದನ್ನು ಕಂಡವರು ಇನ್ನೂ ಗುಡಿ ಕಟ್ಟೆ ಮೇಲೆ ಕೂತಿದ್ದಾರೆ, ಕೇಳಿದರೆ ಹೇಳುತ್ತಾರೆ.

ಆದರೆ 'ಯಾವ ಇಸವಿ?' ಅಂತ ಮಾತ್ರ ಕೇಳಬೇಡಿ. ಸುಮ್ನೆ ಬಾಯಿಗೆ ಬಂದದ್ದು ಹೇಳಿಬಿಡುತ್ತಾರೆ. 'ಹೊಳಿ ಬಂದ ವರ್ಷ ಮೇಳ ನಡೀತಿತ್ತೇನ್ರಿ ಕಾಕಾ?' ಅಂತ ಕೇಳಿ. ಹೊಳಿ ಬಂದದ್ದು ಅಂದರೆ ನೆರೆ, ಅದು 2009ರ ನೆರೆಯೋ 2019ರದ್ದೋ ಅಂತ ಇನ್ನೊಮ್ಮೆ ಕೇಳಿ, ಎರಡೂ ಕಲಸಿಹೋಗುತ್ತವೆ. ಕೊರೊನಾಕ್ಕೆ ಜಾತ್ರೆ ನಿಂತದ್ದು 2020, ಅದನ್ನು ಯಾರೂ ಮರೆತಿಲ್ಲ. ಆಲಮಟ್ಟಿ ಹಿನ್ನೀರಿಗೆ ಮುಳುಗಿದ ಊರಾದರೆ ಅರ್ಧ ಕಥೆ ಅಲ್ಲೇ ಇದೆ. ತಾಳದವನು ಒಂದು ಪುನರ್ವಸತಿ ಕೇಂದ್ರಕ್ಕೆ ಹೋದ, ಶಹನಾಯಿಯವನು ಮುಳುಗಡೆಯವರಿಗೆಂದು ಕಟ್ಟಿದ ಬಾಗಲಕೋಟೆಯ ನವನಗರ ಸೇರಿದ, ಆಮೇಲೆ ತಾಲೀಮಿಗೆ ಎಲ್ಲಿ ಕೂಡುತ್ತಿದ್ದರು? ಬಸ್ ಚಾರ್ಜು ಯಾರು ಕೊಡುತ್ತಿದ್ದರು? ಇಂಥದ್ದೇ ಕೇಳಬೇಕು.

ಆಮೇಲೆ ಟ್ರಂಕು ತೆಗೆಸಿ. ಜಾತ್ರೆಯ ಹ್ಯಾಂಡ್‌ಬಿಲ್, ಉತ್ಸವದ ಪ್ರಮಾಣಪತ್ರ, ಸಂಘ ರಿಜಿಸ್ಟರ್ ಆಗಿದ್ದರೆ ಠರಾವು ಪುಸ್ತಕ, ಎಲ್ಲದರ ಫೋಟೋ ಹೊಡೆದುಕೊಳ್ಳಿ. ತಾರೀಖು ಹರಿದುಹೋಗಿದ್ದರೂ ಚಿಂತೆ ಇಲ್ಲ. ಮುಧೋಳ ಅಥವಾ ಜಮಖಂಡಿಯ ಕಾಗದದಲ್ಲಿ 'ಬಿಜಾಪುರ ಜಿಲ್ಲೆ' ಅಂತಿದ್ದರೆ ಅದು ಬಹುತೇಕ 1997ಕ್ಕಿಂತ ಹಿಂದಿನದು, ಯಾಕಂದರೆ ಬಾಗಲಕೋಟೆ ಜಿಲ್ಲೆ ಆದದ್ದೇ ಆ ವರ್ಷ. 'ವಿಜಯಪುರ' ಅನ್ನೋ ಹೆಸರು ಸರ್ಕಾರಿ ಕಾಗದಕ್ಕೆ ಬಂದದ್ದು 2014ರ ನವೆಂಬರ್‌ನಿಂದ. (ಹಳೇ ಲೆಟರ್‌ಹೆಡ್ ಖಾಲಿ ಆಗೋ ತನಕ ಬಿಡದವರೂ ಇರುತ್ತಾರೆ, ಅದೂ ನೆನಪಿರಲಿ.) ಫೋಟೋ ಆದರೆ ಕುಣಿಯುವವನ ಅಂಗಿಗೆ ಪಿನ್ ಹಾಕಿ ಸಿಗಿಸಿದ ನೋಟು ನೋಡಿ. ಗುಲಾಬಿ ಬಣ್ಣದ ಎರಡು ಸಾವಿರದ ನೋಟು ಕಂಡರೆ ಅದು 2016ರ ನವೆಂಬರ್ ಆದಮೇಲಿನದು. ಕ್ಯಾಮೆರಾ ಮೂಲೆಯಲ್ಲಿ ಒತ್ತಿದ ತಾರೀಖಿಗಿಂತ ನನಗೆ ಈ ನೋಟಿನ ಮೇಲೇ ನಂಬಿಕೆ ಜಾಸ್ತಿ.

ಹೆಜ್ಜೆಗಳನ್ನೂ ಬರೆಯಲೇಬೇಕು. ಇದರಲ್ಲಿ ಸ್ಕಾಟ್ಲೆಂಡಿನವರನ್ನು ನೋಡಿ ಕಲಿಯಬಹುದು. ಅವರು ತಮ್ಮ ಹಳ್ಳಿ ಕುಣಿತ ಮರೆತುಹೋಗುತ್ತದೆ ಅಂತ 1923ರಲ್ಲಿ ಗ್ಲಾಸ್ಗೋದಲ್ಲಿ ಸಂಘ ಕಟ್ಟಿದರು, ಕುಣಿತಗಳನ್ನು ಹುಡುಕಿ ಪುಸ್ತಕ ಮಾಡಿದರು. ಸಾಮಾನ್ಯವಾಗಿ ನಾಲ್ಕು ಜೋಡಿ ಎದುರುಬದುರು ನಿಲ್ಲುತ್ತಾರೆ, ಯಾವ ಜೋಡಿ ಎಷ್ಟು ತಾಳಕ್ಕೆ ಎಲ್ಲಿಗೆ ಸರಿಯಬೇಕು ಅಂತ ಬರೆದೇ ಇಟ್ಟಿರುತ್ತಾರೆ. ನಮ್ಮ ಕೋಲಾಟಕ್ಕೂ ಹಾಗೆ ಬರೆಯೋಕಾಗುತ್ತದೆ ಅಲ್ವಾ? ಜೋಡಿಗೆ ಒಂದು ನಂಬರ್ ಕೊಡಿ, ಎಷ್ಟನೇ ಪೆಟ್ಟಿಗೆ ಯಾರು ತಿರುಗುತ್ತಾರೆ ಅಂತ ಸಾಲಾಗಿ ಬರೆಯಿರಿ. ವಿಡಿಯೋ ಮಾಡಿದ್ದೇವೆ ಅಂತ ಸುಮ್ಮನಾಗಬೇಡಿ, ಜಾತ್ರೆ ವಿಡಿಯೋದಲ್ಲಿ ಮುಂದೆ ನಿಂತವರ ಬೆನ್ನು ಬಿಟ್ಟು ಕಾಲು ಕಾಣೋದೇ ಇಲ್ಲ.

ಜಗಳ ಮುಚ್ಚಿಡಬೇಡಿ. ಸಂಭಾವನೆ ಹಂಚಿಕೆಗೆ ಮನಸ್ತಾಪ ಆಗಿ ತಂಡ ಎರಡಾಗಿದ್ದರೆ ಹಾಗೇ ಬರೆಯಿರಿ, ಬೈಗುಳ ಮಾತ್ರ ಬೇಡ. ಪ್ರಿಂಟಿಗೆ ಕೊಡೋ ಮೊದಲು ಬಿಟ್ಟುಹೋದವರ ಮನೆಗೂ ಹೋಗಿ ಪೂರ್ತಿ ಓದಿ ಹೇಳಿ. ಅವರು ಬೇರೆ ಥರ ಹೇಳಿದರೆ ಯಾರದು ಸರಿ ಅಂತ ತೀರ್ಪು ಕೊಡೋಕೆ ಹೋಗಬೇಡಿ, ಇಬ್ಬರ ಮಾತನ್ನೂ ಅವರವರ ಹೆಸರಿನ ಮುಂದೆ ಹಾಕಿ.